ಹೊಸ ಆವೃತ್ತಿ ಬಿಡುವ ಮುನ್ನ ನಿಮ್ಮ ಡೇರಿಗೆ ಬರುತ್ತೇವೆ

ಮಂಡ್ಯ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ಮತ್ತು ಹಾಲು ಪರೀಕ್ಷಕರಿಗೆ,

ನಮಸ್ಕಾರ.

ಹಾಲಿನ ಲೆಕ್ಕದ ತಂತ್ರಾಂಶದ ಹೊಸ ಪರದೆಗಳನ್ನು ಇನ್ನು ಮುಂದೆ ನೇರವಾಗಿ ನಿಮ್ಮ ಕಂಪ್ಯೂಟರಿಗೆ ಹಾಕುವುದಿಲ್ಲ. ಮೊದಲು ಕೆಲವು ಡೇರಿಗಳಲ್ಲಿ ನಿಮ್ಮ ಪಕ್ಕ ಕೂತು, ನೀವು ಕೆಲಸ ಮಾಡುವುದನ್ನು ನೋಡಿ, ಮಾತಾಡಿಸಿ, ತಿದ್ದಿದ ಮೇಲೆ ಬಿಡುತ್ತೇವೆ. ಇದರಿಂದ ಪ್ರತಿ ಆವೃತ್ತಿಯೂ ಎರಡು ಮೂರು ವಾರ ತಡವಾಗುತ್ತದೆ. ಫೋನಿನಲ್ಲಿ ಅಭಿಪ್ರಾಯ ಕೇಳುವುದು ನಿಲ್ಲುತ್ತದೆ. "ಹೇಗಿದೆ?" ಎಂದರೆ ದಾಕ್ಷಿಣ್ಯಕ್ಕೆ ಎಲ್ಲರೂ "ಚೆನ್ನಾಗೈತೆ ಸಾರ್" ಅನ್ನುತ್ತಾರೆ; ಕೈ ಎಲ್ಲಿ ತಡೆಯಿತು ಎಂಬುದು ಅದರಲ್ಲಿ ತಿಳಿಯುವುದಿಲ್ಲ.

ಬೆಳಗಿನ ಹಾಲಿನ ಗಾಡಿ ಹೋದ ಮೇಲೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಡಿ. ಹಾಲಿನ ಹಣ ಬಟವಾಡೆ ಮಾಡುವ ದಿನ ಬರುವುದಿಲ್ಲ. ಬರುವವರು ಇಬ್ಬರು: ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ನಿಮ್ಮ ಅಸಲಿ ಲೆಕ್ಕ ಮುಟ್ಟುವುದಿಲ್ಲ. ಕಲ್ಪಿತ ಹೆಸರುಗಳ ಲೆಕ್ಕ ತುಂಬಿದ ಲ್ಯಾಪ್‌ಟಾಪ್ ನಾವೇ ತರುತ್ತೇವೆ.

"ತಿದ್ದುಪಡಿ ಗುಂಡಿ ಒತ್ತಿ" ಎಂದು ದಾರಿ ತೋರಿಸಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. "47ನೇ ಸದಸ್ಯರ ಹಾಲು 6.5 ಲೀಟರ್ ಬದಲು 5.6 ಎಂದು ಬಿದ್ದಿದೆ, ಸರಿಮಾಡಿ" ಎಂದಷ್ಟೇ ಹೇಳುತ್ತೇವೆ. ಹುಡುಕುತ್ತಾ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ. "ಇದನ್ನ ಒತ್ಲಾ?" ಎಂದರೆ "ಒತ್ತಿದ್ರೆ ಏನಾಗುತ್ತೆ ಅನ್ಸುತ್ತೆ?" ಎಂದು ತಿರುಗಿ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಅಧ್ಯಕ್ಷರು, ನಿರ್ದೇಶಕರು ಆ ಹೊತ್ತು ಪಕ್ಕದಲ್ಲಿ ಇರದಿದ್ದರೆ ಒಳ್ಳೆಯದು. ಅವರ ಮುಂದೆ ಯಾರೂ "ಗೊತ್ತಾಗಲಿಲ್ಲ" ಅನ್ನುವುದಿಲ್ಲ.

ಆಮೇಲೆ ಒಂದಷ್ಟು ಪ್ರಶ್ನೆ. "ಇಂಥ ಸೌಲಭ್ಯ ಕೊಟ್ಟರೆ ಬಳಸ್ತೀರಾ?" ಎಂದು ಕೇಳುವುದಿಲ್ಲ, ಹೂಂ ಅನ್ನುವುದು ಸುಲಭ. "ಹೋದ ಬಟವಾಡೆಯಲ್ಲಿ ಲೆಕ್ಕ ತಾಳೆಯಾಗದಿದ್ದಾಗ ಏನು ಮಾಡಿದಿರಿ?" ಎಂದು ನಡೆದದ್ದನ್ನೇ ಕೇಳುತ್ತೇವೆ. ಬೇರೆ ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಂಡಿದ್ದರೆ ಅದನ್ನು ದಯವಿಟ್ಟು ತೋರಿಸಿ. ಪರದೆಯಲ್ಲಿ ಸಿಗದ್ದು ಬಹುಮಟ್ಟಿಗೆ ಅಲ್ಲಿರುತ್ತದೆ.

ಎಲ್ಲ ಸಂಘಗಳಿಗೂ ಬರಬೇಕಾಗಿಲ್ಲ. ತಂತ್ರಾಂಶ ಬಳಸುವವರಿಗೆ ಎಲ್ಲಿ ತೊಡಕಾಗುತ್ತದೆ ಎಂದು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟ ಸೂತ್ರದಂತೆ, ಒಬ್ಬರಿಂದ ಸರಾಸರಿ ಶೇ 31ರಷ್ಟು ತೊಡಕು ಹೊರಬಿದ್ದರೆ ಐವರಿಂದ ಸುಮಾರು ಶೇ 85ರಷ್ಟು ಹೊರಬೀಳುತ್ತದೆ. ಆಮೇಲೆ ಕಂಡದ್ದೇ ಮತ್ತೆ ಕಾಣುತ್ತದೆ. ಹಾಗಾಗಿ ಐವರು, ತಿದ್ದುಪಡಿ, ಮತ್ತೆ ಬೇರೆ ಐವರು. ಆದರೆ ಈ ಲೆಕ್ಕ ಒಂದೇ ಬಗೆಯ ಕೆಲಸದವರಿಗೆ ಮಾತ್ರ. ಹಾಲು ಹಾಕುವವರು ಸಾಲುಗಟ್ಟಿ ನಿಂತಿರುವಾಗ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲಿಸುವ ಪರೀಕ್ಷಕರ ಅವಸರವೇ ಬೇರೆ, ಬಟವಾಡೆ ಪಟ್ಟಿ ಮಾಡುವ ಕಾರ್ಯದರ್ಶಿಗಳ ತಾಪತ್ರಯವೇ ಬೇರೆ. ಹಾಗಾಗಿ ಪರೀಕ್ಷಕರಲ್ಲಿ ಐವರು, ಕಾರ್ಯದರ್ಶಿಗಳಲ್ಲಿ ಐವರು ಪ್ರತ್ಯೇಕವಾಗಿ ಬೇಕು.

ಒಪ್ಪುವವರು ನಿಮ್ಮ ಭಾಗದ ನಮ್ಮ ಸಿಬ್ಬಂದಿಗೆ ತಿಳಿಸಿ. ಕಂಪ್ಯೂಟರ್ ಇನ್ನೂ ಕೈಹತ್ತಿಲ್ಲ ಎನ್ನುವವರು ಮೊದಲು ಹೆಸರು ಕೊಡಿ.

ಇಂತಿ,
ತಂತ್ರಾಂಶ ವಿನ್ಯಾಸ ತಂಡ, ಮಂಡ್ಯ