ಪರವೂರ ಮಾಲಕರು, ಊರಿನ ಜಿಪಿಎ

ಮಾನ್ಯರೇ,

ಮಂಗಳೂರಿನ ಬಿಜೈ, ಕದ್ರಿ, ಬೆಂದೂರ್‌ವೆಲ್‌ ಕಡೆ ಬಾಡಿಗೆಗಿರುವ ಎಷ್ಟೋ ಫ್ಲಾಟ್‌ಗಳ ಮಾಲಕರು ಇರುವುದು ದುಬೈಯಲ್ಲೋ ಮಸ್ಕತ್‌ನಲ್ಲೋ ಮುಂಬಯಿಯಲ್ಲೋ. ಕೀ ಮಾತ್ರ ಊರಲ್ಲಿರುವ ಭಾವನ ಕೈಯಲ್ಲಿ. ಬಾಡಿಗೆ ನಿಂತು ವಿಷಯ ಕೋರ್ಟಿಗೆ ಬಂದಾಗ “ಜಿಪಿಎ ಇದೆಯಲ್ಲ, ಭಾವ ನೋಡಿಕೊಳ್ತಾರೆ” ಎಂಬ ಧೈರ್ಯ. ಜಿಪಿಎ ಎಂದರೆ ಜನರಲ್ ಪವರ್ ಆಫ್ ಅಟಾರ್ನಿ, ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. ಆ ಕಾಗದದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಮೊದಲೇ ತಿಳಿದರೆ ಎಷ್ಟೋ ವಾಯಿದೆಗಳ ಅಲೆದಾಟ ತಪ್ಪುತ್ತದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದಂತೆ ಜಿಪಿಎ ಹೊಂದಿದವರು ಮಾಲಕರ ಪರವಾಗಿ ಹಾಜರಾಗಬಹುದು, ಅರ್ಜಿ ಹಾಕಬಹುದು, ವಕಾಲತ್ತಿಗೆ ಸಹಿ ಹಾಕಿ ವಕೀಲರನ್ನು ನೇಮಿಸಬಹುದು. ತಾವೇ ಎದ್ದುನಿಂತು ವಾದಿಸುವ ಹಕ್ಕು ಮಾತ್ರ ಅವರಿಗಿಲ್ಲ. ವಕೀಲರ ಕಾಯ್ದೆಯ 32ನೇ ಸೆಕ್ಷನ್‌ನಂತೆ ಆ ಪ್ರಕರಣದ ಮಟ್ಟಿಗೆ ನ್ಯಾಯಾಧೀಶರು ಅನುಮತಿ ಕೊಟ್ಟರೆ ಬೇರೆ ಮಾತು. ಸ್ಮಾಲ್ ಕಾಸ್ (ಸಣ್ಣ ಮೊಕದ್ದಮೆಗಳ ಕೋರ್ಟಿನ) ದಾವೆಯಾದರೂ ಇದರಲ್ಲಿ ರಿಯಾಯಿತಿ ಇಲ್ಲ. ದಾವೆ ಮಾಲಕರ ಹೆಸರಿನಲ್ಲೇ, “ಜಿಪಿಎ ಹೋಲ್ಡರ್ ಮೂಲಕ” ಎಂದು ಇರಬೇಕು. ಭಾವ ತನ್ನ ಹೆಸರಿನಲ್ಲೇ ವಾದಿಯಾದರೆ ಮೊದಲ ತಕರಾರು ಅಲ್ಲೇ ಏಳುತ್ತದೆ.

ದೊಡ್ಡ ಪೆಟ್ಟು ಬೀಳುವುದು ಸಾಕ್ಷಿಯ ಹಂತದಲ್ಲಿ. ಜಾನಕಿ ವಾಶ್‌ದೇವ್ ಭೋಜ್‌ವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ: ಜಿಪಿಎ ಹೋಲ್ಡರ್ ತಾನು ಮಾಡಿದ ಕೆಲಸದ ಬಗ್ಗೆ ಸಾಕ್ಷಿ ನುಡಿಯಬಹುದು; ಮಾಲಕರು ಮಾಡಿದ್ದಕ್ಕೆ, ಮಾಲಕರಿಗೆ ಮಾತ್ರ ಗೊತ್ತಿರುವುದಕ್ಕೆ ಅವರ ಬದಲು ನುಡಿಯುವಂತಿಲ್ಲ. ಜಿಪಿಎ ಹೋಲ್ಡರ್‌ಗೆ ಎದುರು ವಕೀಲರ ಪಾಟೀಸವಾಲು ಹೀಗೆ ಸಾಗುತ್ತದೆ: “ಅಡ್ವಾನ್ಸ್ ಎಷ್ಟು?” “ಐವತ್ತು ಸಾವಿರ.” “ನಿಮ್ಮೆದುರು ಕೊಟ್ಟದ್ದಾ?” “ಇಲ್ಲ, ಮಾಲಕರು ಫೋನಲ್ಲಿ ಹೇಳಿದ್ದು.” ಅಲ್ಲಿಗೆ ಆ ಉತ್ತರ ಲೆಕ್ಕಕ್ಕಿಲ್ಲ. ಹಾಗಾಗಿ ಮನೆ ಕೊಡುವಾಗಲೇ ಊರಿನವರು ಒಳಗೆ ಬರಬೇಕು. ಕರಾರಿಗೆ ಮಾಲಕರ ಪರ ಅವರೇ ಸಹಿ ಹಾಕಲಿ, ರಸೀದಿ ಅವರೇ ಕೊಡಲಿ, ಬಾಕಿಯ ತಗಾದೆಯ ಸಂದೇಶ ಅವರ ಮೊಬೈಲಿನಿಂದಲೇ ಹೋಗಲಿ. ಇಷ್ಟೂ ಆಗಿಲ್ಲವೆಂದಾದರೆ ಮಾಲಕರೇ ಸಾಕ್ಷಿ ಹೇಳಬೇಕು. ಅದಕ್ಕೆ ವಿಮಾನ ಹತ್ತಲೇಬೇಕೆಂದಿಲ್ಲ. ಕರ್ನಾಟಕದ ಕೋರ್ಟುಗಳಿಗೆ 2020ರಿಂದ ವೀಡಿಯೊ ಕಾನ್ಫರೆನ್ಸ್ ನಿಯಮವಿದೆ. ಆದರೆ ವಿದೇಶದ ತುದಿಯಲ್ಲಿ ನಮ್ಮ ಕಾನ್ಸುಲೇಟ್ ಅಥವಾ ರಾಯಭಾರ ಕಚೇರಿಯ ಅಧಿಕಾರಿ ಸಂಯೋಜಕರಾಗಿರಬೇಕು. ಮನೆಯ ಸೋಫಾದಲ್ಲಿ ಕೂತು ಮೊಬೈಲ್ ಹಿಡಿದರೆ ಸಾಲದು.

ಇನ್ನು ಜಿಪಿಎಯ ಒಕ್ಕಣೆ. ಹಳೆಯ ಕಾಗದಗಳಲ್ಲಿ “ಬಾಡಿಗೆ ವಸೂಲಿ, ಮನೆ ತೆರಿಗೆ, ಮೆಸ್ಕಾಂ ಬಿಲ್ಲು” ಎಂದಷ್ಟೇ ಇರುತ್ತದೆ. ಕೋರ್ಟು ಬರೆದದ್ದನ್ನು ಮಾತ್ರ ಓದುತ್ತದೆ, ಊಹಿಸಿ ಹಿಗ್ಗಿಸುವುದಿಲ್ಲ. ದಾವೆ ಹೂಡುವುದು, ವಾದಪತ್ರಕ್ಕೆ ಸಹಿ, ಸಾಕ್ಷಿ ನುಡಿಯುವುದು, ರಾಜಿ, ಹಣ ಪಡೆಯುವುದು, ಅಮಲ್ಜಾರಿ (ತೀರ್ಪು ಜಾರಿಯ) ಅರ್ಜಿ, ಸ್ವಾಧೀನ ಪಡೆಯುವುದು ಇವೆಲ್ಲ ಬಿಡಿಬಿಡಿಯಾಗಿ ಇರಲಿ. ಗಲ್ಫ್‌ನಲ್ಲಿ ಬರೆದುಕೊಟ್ಟದ್ದಾದರೆ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಮೂಲ ಪ್ರತಿಯನ್ನೇ ಕಳಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್‌ನ ಪ್ರಿಂಟ್ ಹಾಜರುಪಡಿಸಿದರೆ ಎದುರು ವಕೀಲರಿಗೆ ಹಬ್ಬ. ಆ ಮೂಲ ಪ್ರತಿ ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಕರ್ನಾಟಕದ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಮರೆತರೆ ಕೋರ್ಟು ಅದನ್ನು ಸಾಕ್ಷ್ಯದ ದಾಖಲೆಯೆಂದು ಗುರುತು ಮಾಡುವ ದಿನ ಕಡಿಮೆ ಬಿದ್ದ ಶುಲ್ಕದ ಜತೆ ಅದರ ಹತ್ತು ಪಟ್ಟು ದಂಡ.

ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ 1999ರ ಬಾಡಿಗೆ ಕಾಯ್ದೆ ಅನ್ವಯವಾಗದ ಕಾರಣ ಈಗಿನ ಫ್ಲಾಟ್‌ಗಳಿಗೆಲ್ಲ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ನಿನ 15 ದಿನಗಳ ನೋಟಿಸೇ ಮನೆ ಬಿಡಿಸುವ ದಾರಿ. ಅದನ್ನು ಮಾಲಕರ ಪರವಾಗಿ ಜಿಪಿಎ ಹೋಲ್ಡರೋ ವಕೀಲರೋ ಕೊಡಬಹುದು. ಅಂಚೆ ರಸೀದಿಯನ್ನೂ, “ಬಾಗಿಲು ಹಾಕಿದೆ” ಎಂಬ ಷರಾ ಹೊತ್ತು ಮರಳಿದ ಲಕೋಟೆಯನ್ನೂ ಒಡೆಯದೆ ಇಟ್ಟುಕೊಳ್ಳಿ. ಬಾಕಿ ಬಾಡಿಗೆಗೆ ಕಾಲಮಿತಿ 3 ವರ್ಷ. ಅನಿವಾಸಿ ಮಾಲಕರಿಗೆ ಬಾಡಿಗೆ ಕೊಡುವವರು ತೆರಿಗೆ ಮುರಿದುಕೊಂಡು ಕೊಡಬೇಕಾದ್ದರಿಂದ, ಆ ಮೊತ್ತವನ್ನೂ ಬಾಕಿಯೆಂದು ಸೇರಿಸಿ ಲೆಕ್ಕ ತಪ್ಪಿಸಿಕೊಳ್ಳಬೇಡಿ.

ಒಂದು ಅಶುಭದ ಮಾತೂ ಹೇಳಲೇಬೇಕು. ಮಾಲಕರು ತೀರಿಕೊಂಡ ಕ್ಷಣ ಜಿಪಿಎ ಮುಗಿಯಿತು. 90 ದಿನಗಳೊಳಗೆ ವಾರಸುದಾರರನ್ನು ದಾವೆಗೆ ಸೇರಿಸದಿದ್ದರೆ ದಾವೆಯೇ ಬಿದ್ದುಹೋಗುತ್ತದೆ. ಮುಂಬಯಿಯಲ್ಲಿ ಉತ್ತರಕ್ರಿಯೆ ಮುಗಿಸಿ ಬಂದವರು ಕೋರ್ಟಿನ ನೆನಪು ಮಾಡಿಕೊಳ್ಳುವಷ್ಟರಲ್ಲಿ ಆ ದಿನಗಳು ಕಳೆದಿರುತ್ತವೆ.

ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಆದ ಮೇಲೂ ಜಿಪಿಎ ತೆಗೆದು ಒಮ್ಮೆ ಓದಿ. ಆದೇಶ ಜಾರಿ ಮಾಡುವ ಕೋರ್ಟಿನ ಅಮೀನರು ಬೀಗ ತೆರೆಸಿ ಕೀ ಚಾಚುವಾಗ, ಪಡೆದುಕೊಂಡೆ ಎಂದು ಸಹಿ ಹಾಕುವವರಿಗೆ ಆ ಅಧಿಕಾರ ಅದರಲ್ಲಿ ಬರೆದಿರಬೇಕು.

– ವಕೀಲರ ಕಚೇರಿಯ ಗುಮಾಸ್ತರು, ಕರಂಗಲ್ಪಾಡಿ, ಮಂಗಳೂರು