ಪ್ರೈಮರ್ ಕೊಳ್ಳುವ ಮೊದಲು ವೀಸಾ ನೋಡಿಕೊಳ್ಳಿ

ಸಂಪಾದಕರೇ,

ಅಮೆರಿಕದಲ್ಲಿ ಕೋವಿಯ ಮದ್ದು, ತೋಟಾ ಎಲ್ಲ ದೊಡ್ಡ ಅಂಗಡಿಯ ಕಪಾಟಿನಲ್ಲೇ ಸಿಗುತ್ತದೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸುಳ್ಳೇನಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದೀರಿ. ನಾನು ಸಕಲೇಶಪುರದ ಕಡೆಯವನು, ಈಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ನವೆಂಬರ್ ಕೊನೆಯಲ್ಲಿ ಇಲ್ಲಿ ಜಿಂಕೆ ಶಿಕಾರಿಯ ಸೀಸನ್. ನನ್ನ ರೈಫಲ್ಲಿಗೆ ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ಆ ಬರಹ ಓದಿದ ನಮ್ಮ ಹುಡುಗರು ‘ಅಷ್ಟು ಸುಲಭವಾ’ ಅಂದುಕೊಂಡಾರು ಎಂಬ ಭಯಕ್ಕೆ ಈ ಪತ್ರ.

ಶಿಕಾರಿ ಸಾಮಾನಿನ ಅಂಗಡಿ ಎಂದರೆ ಸಂತೆ ಮೈದಾನದಷ್ಟು ದೊಡ್ಡದು. ಒಂದು ಸಾಲು ಪೂರ್ತಿ ರೀಲೋಡಿಂಗ್, ಅಂದರೆ ಮನೆಯಲ್ಲೇ ತೋಟಾ ತುಂಬುವ ಸಾಮಾನು. ಹಿತ್ತಾಳೆಯ ಖಾಲಿ ಕೇಸು, ಗುಂಡು, ನೂರು ನೂರರ ಪ್ರೈಮರ್ (ತೋಟಾದ ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಪುಟ್ಟ ಭಾಗ) ತಟ್ಟೆ, ಪೌಂಡ್ ಡಬ್ಬಿಯಲ್ಲಿ ಮದ್ದು. ಮದ್ದು, ಪ್ರೈಮರ್ ಆನ್‌ಲೈನಿನಲ್ಲಿ ತರಿಸಿದರೆ ಅಪಾಯದ ಸರಕು ಎಂದು ಬೇರೆ ಶುಲ್ಕ ಹಾಕುತ್ತಾರೆ, ಹಾಗಾಗಿ ಜನ ಅಂಗಡಿಗೇ ಬರುತ್ತಾರೆ. ನಮ್ಮೂರಲ್ಲಿ ತೋಟಾ ಬೇಕಾದರೆ ಲೈಸೆನ್ಸ್ ತೋರಿಸಬೇಕು, ಅದರಲ್ಲಿ ಬರೆದಷ್ಟೇ ಸಿಗುತ್ತದೆ. ಚುನಾವಣೆ ಬಂದರೆ ಕೋವಿಯನ್ನೇ ಠಾಣೆಯಲ್ಲಿಟ್ಟು ಬರಬೇಕು. ಅಂಥ ಕಡೆಯಿಂದ ಬಂದ ನನಗೆ ಮೊದಲ ಸಲ ಡಬ್ಬಿ ಮುಟ್ಟಲೂ ಅಳುಕು. ಕೌಂಟರಿನವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಅಂಗಡಿಯ ರಿವಾರ್ಡ್ ಕಾರ್ಡ್ ಇದೆಯಾ?’

ಅವನು ವೀಸಾ ಕೇಳುವುದಿಲ್ಲ. ಕಾನೂನು ಕೇಳುತ್ತದೆ. ಎಚ್-1ಬಿ (ಕೆಲಸದ್ದು), ಎಫ್-1 (ಓದಿನದ್ದು) ತರಹದ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕೆಲವು ವಿನಾಯಿತಿ ಇದೆ. ಅವುಗಳಲ್ಲಿ ನಮ್ಮವರಿಗೆ ಉಪಯೋಗಕ್ಕೆ ಬರುವುದು ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಅದನ್ನು ಪಡೆಯುವವರು ತರಬೇತಿ ಮುಗಿಸಿರಬೇಕು. ಜಾಸ್ತಿ ಜನರಿಗೆ ಗೊತ್ತಿಲ್ಲದ ಮಾತು ಇನ್ನೊಂದಿದೆ. ಪ್ರೈಮರ್, ಮದ್ದು, ಗುಂಡು, ಖಾಲಿ ಕೇಸು ಬಿಡಿಬಿಡಿಯಾಗಿದ್ದರೂ ಆ ಕಾನೂನಿನ ಲೆಕ್ಕದಲ್ಲಿ ತೋಟಾ ಇದ್ದ ಹಾಗೇ. ಸಿಕ್ಕಿಬಿದ್ದರೆ 15 ವರ್ಷದವರೆಗೆ ಜೈಲಾಗಬಹುದು. ಗ್ರೀನ್ ಕಾರ್ಡ್ ಇರುವ ಗೆಳೆಯ ಗೊತ್ತಿದ್ದೂ ಕೊಡಿಸಿದರೆ ಅವನೂ ಸಿಕ್ಕಿಬೀಳುತ್ತಾನೆ. ವಾರಾಂತ್ಯದಲ್ಲಿ ಆಫೀಸಿನವರ ಜೊತೆ ಸುಮ್ನೆ ಅಂಗಡಿಗೆ ಹೋಗಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಡಬ್ಬಿ ತಂದಿಟ್ಟುಕೊಳ್ಳುವ ಹುಡುಗನಿಗೆ ಇದನ್ನು ಯಾರು ಹೇಳುತ್ತಾರೆ?

ಮದ್ದಿನ ವಿಷಯದಲ್ಲೂ ಅಂಗಡಿಯನ್ನು ನಂಬಿಕೊಂಡು ಕೂರಬೇಡಿ. ಎಚ್ 4350 ಎಂದೊಂದು ಮದ್ದಿದೆ, ಐಎಂಆರ್ 4350 ಎಂದು ಇನ್ನೊಂದಿದೆ. ಸಂಖ್ಯೆ ಒಂದೇ, ಈಗ ಎರಡನ್ನೂ ಮಾರುವ ಕಂಪನಿಯೂ ಒಂದೇ. ಉರಿಯುವ ರೀತಿ ಬೇರೆ, ತೋಟಾ ತುಂಬುವ ಕ್ರಮ ಹೇಳುವ ಪುಸ್ತಕದಲ್ಲಿ ಕೊಟ್ಟ ತೂಕ ಬೇರೆ. ಒಂದು ಅಂಗಡಿಯಲ್ಲಿ ನಾನು ಮೊದಲನೆಯದನ್ನು ಕೇಳಿದರೆ, ಅಲ್ಲಿನ ಹುಡುಗ ‘ಅದು ಮುಗಿದಿದೆ, ಇದು ತಗೊಳ್ಳಿ, ಎರಡೂ ಒಂದೇ’ ಎಂದ! ಬೇಡಪ್ಪಾ ಎಂದು ಬಂದೆ. ಪಿಸ್ತೂಲಿನ ಮದ್ದನ್ನು ತಪ್ಪಿ ರೈಫಲ್ ತೋಟಾಕ್ಕೆ ತುಂಬಿದರಂತೂ ಕೋವಿಯೇ ಒಡೆದು ಮುಖಕ್ಕೆ ಬರಬಹುದು. ನಮ್ಮಜ್ಜ ಕೇಪಿನ (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಕೋವಿಗೆ ಕಣ್ಣಳತೆಯಲ್ಲೇ ಮದ್ದು ಹಾಕುತ್ತಿದ್ದರು. ಅದು ಕರಿಮದ್ದು, ಹೇಗೋ ನಡೆಯಿತು. ಈ ಹೊಗೆಯಿಲ್ಲದ ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗಬೇಕು. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಎಷ್ಟು ಸಣ್ಣ ಅಳತೆ ನೋಡಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇಟ್ಟುಕೊಳ್ಳಬೇಕು. ಪುಸ್ತಕ ಅದೇ ಸಾಲಿನಲ್ಲಿ ಮಾರಾಟಕ್ಕಿರುತ್ತದೆ, ಮದ್ದಿಗಿಂತ ಮೊದಲು ಅದನ್ನು ಕೊಳ್ಳಿ.

ಇಷ್ಟೆಲ್ಲ ಮಾಡಿ ದುಡ್ಡು ಉಳಿಯುತ್ತದಾ ಅಂದರೆ, ನನಗಂತೂ ಉಳಿದಿಲ್ಲ. 2020ರ ಕೊರೊನಾ ಕಾಲದಲ್ಲಿ ಪ್ರೈಮರೇ ಸಿಗಲಿಲ್ಲ, ಆಮೇಲೆ ಬಂದ ಬೆಲೆಯೂ ಮೊದಲಿನದಲ್ಲ. ಆದರೂ ಬಿಟ್ಟಿಲ್ಲ. ಜಿಂಕೆ ಮಾಂಸ ಮನೆಯ ಮಕ್ಕಳ ತಟ್ಟೆಗೆ ಹೋಗುತ್ತದೆ. ಸೀಸದ ಚೂರು ಅದರಲ್ಲಿ ಸೇರಬಾರದು ಎಂದು ತಾಮ್ರದ ಗುಂಡನ್ನೇ ಹಾಕುತ್ತೇನೆ.

ಊರಿನವರಿಗೂ ಒಂದು ಮಾತು. ‘ಬರುವಾಗ ಒಂದು ಡಬ್ಬಿ ಕೇಪು ಹಾಕ್ಕೊಂಡು ಬಾರೋ’ ಎಂದು ನಮ್ಮ ಚಿಕ್ಕಪ್ಪ ಪ್ರತಿ ಸಲ ಫೋನಿನಲ್ಲಿ ಹೇಳುತ್ತಾರೆ. ಕೇಪು, ಪ್ರೈಮರ್, ಮದ್ದು ಯಾವುದನ್ನೂ ವಿಮಾನಕ್ಕೆ ಹಾಕುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಬೆಂಗಳೂರಿನಲ್ಲಿ ಇಳಿದ ಮೇಲಿನ ಆಯುಧ ಕಾಯ್ದೆಯ ಕಥೆ ಬೇರೆ. ದಯವಿಟ್ಟು ಮಕ್ಕಳನ್ನು ಇದಕ್ಕೆ ಒತ್ತಾಯ ಮಾಡಬೇಡಿ.

ಮುಂದಿನ ಸಲ ಇಂಥ ಬರಹ ಹಾಕುವಾಗ ವೀಸಾದ ವಿಷಯವನ್ನು ಒಂದು ಸಾಲಿನಲ್ಲಾದರೂ ಸೇರಿಸಿ.

— ಸಕಲೇಶಪುರದ ಓದುಗ, ಪೆನ್ಸಿಲ್ವೇನಿಯಾ