ಭಾನುವಾರ ಸೇರೋಣ: ಐಟಿ ರಿಕ್ರೂಟರ್ ಕೆಲಸದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಡಿಗ್ರಿ ಮುಗಿಸಿದವರು ದಯವಿಟ್ಟು ಪೂರ್ತಿ ಓದಿ.

ಐಟಿ ಕಂಪನಿಗಳಿಗೆ ಜನ ಹುಡುಕಿಕೊಡುವ ರಿಕ್ರೂಟರ್ ಕೆಲಸದ ಬಗ್ಗೆ ಮಾತಾಡಲು ಭಾನುವಾರ ಬೆಳಿಗ್ಗೆ 10ಕ್ಕೆ ತುಮಕೂರಿನ ಅಮಾನಿಕೆರೆ ಪಾರ್ಕ್ ಗೇಟ್ ಹತ್ತಿರ ಸೇರೋಣ. ಕೋಡಿಂಗ್ ಬರಲೇಬೇಕು ಅಂತೇನಿಲ್ಲ, ಬಿಎ, ಬಿಕಾಂನವರೂ ಬನ್ನಿ. ಆದರೆ ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ (ಎರಡೂ ಬೇರೆ ಬೇರೆ ಕೋಡಿಂಗ್ ಭಾಷೆಗಳು) ಅನ್ನೋದು ಗೊತ್ತಿರಬೇಕು. ಈ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಜಾವಾ ಕೆಲಸಕ್ಕೆ ಜಾವಾಸ್ಕ್ರಿಪ್ಟ್ ಕಲಿತ ಹುಡುಗನನ್ನು ಕಳಿಸಿದ್ದೆ. ಪಾಪ, ಅವನ ಇಡೀ ದಿನ ಸುಮ್ನೆ ಹಾಳಾಯಿತು. ಇವತ್ತಿಗೂ ಬೇಸರವಿದೆ.

ಒಂದು ಪುಟದ ರೆಸ್ಯೂಮೆ ತನ್ನಿ. ಲಿಂಕ್ಡ್‌ಇನ್, ನೌಕ್ರಿಯಲ್ಲಿ ಪ್ರೊಫೈಲ್ ಮಾಡಿಕೊಂಡಿರಿ. ಕೆಲಸ ಹುಡುಕುವವರ ನೋಟಿಸ್ ಪೀರಿಯಡ್ (ಈಗಿನ ಕೆಲಸ ಬಿಡ್ತೀನಿ ಅಂತ ಹೇಳಿದ ಮೇಲೂ ಅಲ್ಲಿ ಇರಬೇಕಾದ ದಿನಗಳು), ಸಂಬಳ ಎಷ್ಟು ಅಂತ ಅವರನ್ನು ಫೋನಲ್ಲಿ ಹೇಗೆ ಕೇಳಬೇಕು ಅಂತ ಅಲ್ಲೇ ಪ್ರಾಕ್ಟೀಸ್ ಮಾಡೋಣ.

ಕೆಲಸ ಕೊಡಿಸ್ತೀವಿ ಅಂತ ದುಡ್ಡು ಕೇಳಿದರೆ ಒಂದು ರೂಪಾಯಿನೂ ಕೊಡಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಡಿಗ್ರಿ ಇಲ್ಲೇ ಹಾಕಿ.